ಗೃಹದ ಯೋಗಕ್ಷೇಮ

ನಮ್ಮ ನಾಡಿನ ಸಂಸಾರಸ್ಥರಿಗೆ ವಿಮೆಯೆಂಬುದು ಹೊಸ ಪದಾರ್ಥವಲ್ಲ. ಮೈಸೂರು ಸಂಸ್ಥಾನದಲ್ಲಿ ಸರ್ಕಾರೀ ನೌಕರರ ಜೀವವಿಮೆಯ ಏರ್ಪಾಡು 1891ರಷ್ಟು ಹಿಂದೆಯೇ ಆರಂಭವಾಯಿತು. ಅದರ ಸಂತತಿಯಾದ ವಿಮಾ ಇಲಾಖೆಯವರು ಉಪಾಧ್ಯಾಯನಾದ ನನ್ನ ಸಂಬಳದಿಂದಲೂ ತಿಂಗಳು ತಿಂಗಳೂ ಹಣವನ್ನು ಮುರಿದುಕೊಳ್ಳುತ್ತಿದ್ದರು. 1956ರಲ್ಲಿ ಜೀವವಿಮಾ ನಿಗಮವು ಹುಟ್ಟಿದಮೇಲಂತೂ ಅದರ ಏಜೆಂಟರು ಕಾಲಿಡದ ಹಳ್ಳಿಯೇ ಇಲ್ಲವೆನ್ನಬಹುದು. ಬೀದಿಯಲ್ಲಿ ಓಡುವ ವಾಹನಕ್ಕೆ ಕಾನೂನೇ ವಿಮೆಯನ್ನು ಕಡ್ಡಾಯಮಾಡಿದೆ. ಹೀಗೆ ಯಜಮಾನನ ಜೀವಕ್ಕೆ ವಿಮೆಯುಂಟು, ಅಂಗಳದಲ್ಲಿ ನಿಂತಿರುವ ಸ್ಕೂಟರಿಗೆ ವಿಮೆಯುಂಟು. ಇವೆರಡಕ್ಕೂ ಆಶ್ರಯವಾಗಿರುವ ಮನೆಗೆ ವಿಮೆಯುಂಟೇ ಎಂದು ಕೇಳಿದರೆ ಹತ್ತು ಮಂದಿಯಲ್ಲಿ ಬಹುಶಃ ಒಬ್ಬರೂ ಸರಿಯಾದ ಉತ್ತರವನ್ನು ಹೇಳಲಾರರು. 'ಇರಬೇಕು, ಸಾಲ ತೆಗೆದಾಗ ಬ್ಯಾಂಕಿನವರು ಏನೋ ಮಾಡಿಸಿದ ಹಾಗೆ ನೆನಪು' ಎಂಬುದೇ ಸಾಮಾನ್ಯವಾಗಿ ಬರುವ ಮಾತು.

ಸಂಸ್ಕೃತದಲ್ಲಿ ಯೋಗಕ್ಷೇಮವೆಂಬ ಒಂದು ಸೊಗಸಾದ ಮಾತಿದೆ. ನಾವು ಹಿಂದೆ ಕಾಗದ ಬರೆಯುವಾಗಲೆಲ್ಲ ಈ ಮಾತನ್ನು ಧಾರಾಳವಾಗಿ ಬಳಸುತ್ತಿದ್ದೆವು. ಅದರ ಎರಡು ಭಾಗಗಳನ್ನು ಬಿಡಿಸಿ ನೋಡುವವರು ಕಡಮೆ. ಇಲ್ಲದುದನ್ನು ಸಂಪಾದಿಸುವುದು ಯೋಗ, ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಗೀತೆಯ ಭಾಷ್ಯಕಾರರು ಅದಕ್ಕೆ ಅರ್ಥಹೇಳುತ್ತಾರೆ. ಜೀವವಿಮಾ ನಿಗಮದವರು ತಮ್ಮ ಮುದ್ರೆಯಲ್ಲಿ ಗೀತೆಯ ಆ ಮಾತನ್ನೇ ಇಟ್ಟುಕೊಂಡಿದ್ದಾರೆ. ಮನೆಯ ವಿಷಯದಲ್ಲಿ ನಮ್ಮವರು ಯೋಗದಲ್ಲಿ ಮಹಾ ಶೂರರು. ನಿವೇಶನಕ್ಕೆ ಹತ್ತು ವರ್ಷ ಹಣ ಕೂಡಿಸುತ್ತಾರೆ, ಇಪ್ಪತ್ತು ವರ್ಷ ಸಾಲ ತೀರಿಸುತ್ತಾರೆ, ಆಯ ನೋಡಿ ಬಾಗಿಲಿಡುತ್ತಾರೆ, ಗೃಹಪ್ರವೇಶಕ್ಕೆ ಊರನ್ನೆಲ್ಲ ಕರೆಯುತ್ತಾರೆ. ಕ್ಷೇಮದ ಪಾಲಿಗೆ ಬಾಗಿಲಿನ ಮೇಲೆ ಕಟ್ಟಿದ ಬೂದುಗುಂಬಳಕಾಯಿಯೊಂದೇ ಉಳಿಯುತ್ತದೆ. ಕುಂಬಳಕಾಯಿಯನ್ನು ನಾನು ಹಳಿಯುವವನಲ್ಲ. ನಮ್ಮ ಮನೆಯ ಬಾಗಿಲಿನಲ್ಲಿಯೂ ಅದು ತೂಗುತ್ತಿದೆ.

ನಮ್ಮ ಹಿರಿಯರು ಈ ವಿಷಯದಲ್ಲಿ ಅಲಕ್ಷ್ಯಮಾಡಿದವರಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಓಲೆಯ ಪ್ರತಿಯಿಂದ ಎತ್ತಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಪಟ್ಟಣದ ಮನೆಯವರು ಬೆಂಕಿಯ ಭಯಕ್ಕೆ ಪ್ರತಿಯಾಗಿ ಯಾವ ಯಾವ ಸಲಕರಣೆಗಳನ್ನು ಸಿದ್ಧವಾಗಿಟ್ಟಿರಬೇಕೆಂಬುದಕ್ಕೆ ಒಂದು ಪಟ್ಟಿಯೇ ಇದೆ: ನೀರು ತುಂಬಿದ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ಚರ್ಮದ ಚೀಲ ಇತ್ಯಾದಿ. ಬೆಂಕಿ ಬಿದ್ದ ಕಡೆಗೆ ಓಡಿಹೋಗದ ಮನೆಯೊಡೆಯನಿಗೆ ಹನ್ನೆರಡು ಪಣ ದಂಡ, ಬಾಡಿಗೆಗಿರುವವನಿಗೆ ಆರು ಪಣ. ಆ ಕಾಲದಲ್ಲಿ ನೆರೆಹೊರೆಯವರ ಓಟವೇ ವಿಮೆಯಾಗಿತ್ತು. ನನ್ನ ಬಾಲ್ಯದಲ್ಲಿಯೂ ಮಲೆನಾಡಿನ ಹಳ್ಳಿಗಳಲ್ಲಿ ಒಬ್ಬನ ಮನೆ ಬಿದ್ದರೆ ಮರ, ಬಿದಿರು, ಹುಲ್ಲು, ಆಳು ಎಲ್ಲವೂ ಊರಿನಿಂದಲೇ ಒದಗುತ್ತಿದ್ದುವು. ಈಗ ಸಿಮೆಂಟು, ಕಬ್ಬಿಣ, ಮರಳು, ಗಾರೆಯವರ ಕೂಲಿ, ಎಲ್ಲವನ್ನೂ ಹಣಕೊಟ್ಟೇ ತರಬೇಕು. ನೆರೆಯವನಿಗೆ ಮನಸ್ಸಿದ್ದರೂ ಇಪ್ಪತ್ತೈದು ಮೂವತ್ತು ಲಕ್ಷ ರೂಪಾಯಿಗಳನ್ನು ಆತನು ಎಲ್ಲಿಂದ ತಂದಾನು? ಆದುದರಿಂದ ಸಹಸ್ರಾರು ಮನೆಯವರು ವರ್ಷವರ್ಷವೂ ಸ್ವಲ್ಪ ಸ್ವಲ್ಪ ಹಣವನ್ನು ಒಂದು ಕಡೆ ಕೂಡಿಟ್ಟು, ಅವರಲ್ಲಿ ಯಾರಿಗೆ ಆಪತ್ತು ಬಂದಿತೋ ಅವರಿಗೆ ಅದನ್ನು ಕೊಡುವ ಏರ್ಪಾಡೇ ಈ ಕಾಲದ ನೆರೆಹೊರೆ ಎಂದು ತಿಳಿಯಬೇಕು.

ಆದರೆ ವಿಮೆಯನ್ನು ಒಮ್ಮೆ ಕೊಂಡು ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಮರೆತುಬಿಟ್ಟರೆ ಅದರಿಂದ ಏನೂ ಪ್ರಯೋಜನವಿಲ್ಲ. ಈ ಮಾತು ನನ್ನ ತಂಗಿಯ ಮನೆಯ ವಿಷಯದಲ್ಲಿ ಕಣ್ಣಿಗೆ ಕಂಡದ್ದು. ಅವಳ ಅನುಮತಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಅವಳ ಮನೆ ಶಿವಮೊಗ್ಗದಲ್ಲಿ, ತುಂಗೆಗೆ ಬಹಳ ದೂರವಲ್ಲದ ಒಂದು ತಗ್ಗು ಬಡಾವಣೆಯಲ್ಲಿದೆ. ಅವಳ ಯಜಮಾನರು 2009ರಲ್ಲಿ ಬ್ಯಾಂಕೊಂದರಿಂದ ಸಾಲ ತಂದು ಅದನ್ನು ಕಟ್ಟಿಸಿದರು. 2022ರಲ್ಲಿ ಅವರು ತೀರಿಕೊಂಡಾಗ, ಸಾಲಕ್ಕೆ ಸೇರಿದಂತೆ ಮಾಡಿಸಿದ್ದ ವಿಮೆಯ ಹಣ ಬಂದು ಉಳಿದ ಸಾಲವೆಲ್ಲ ತೀರಿತು. ಮನೆಯ ಪತ್ರಗಳು ಕೈಗೆ ಬಂದುವು. ಆ ದುಃಖದ ನಡುವೆ ಅದೊಂದು ದೊಡ್ಡ ಆಧಾರವೇ ಆಯಿತು. ಅಂದಿನಿಂದ ಅವಳ ಮನಸ್ಸಿನಲ್ಲಿ 'ನಮ್ಮ ಮನೆಗೆ ಇನ್ಷೂರೆನ್ಸಿದೆ' ಎಂಬ ಭಾವನೆ ಬಲವಾಗಿ ನಿಂತಿತ್ತು. ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ನಾನು ಅಲ್ಲಿಗೆ ಹೋಗಿದ್ದಾಗ, 'ಅಣ್ಣ, ಈ ಕಾಗದಗಳನ್ನು ಸ್ವಲ್ಪ ನೋಡು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಹರಿದುಹಾಕಬೇಕು ಹೇಳು' ಎಂದು ಒಂದು ತಗಡಿನ ಪೆಟ್ಟಿಗೆಯನ್ನು ಮುಂದಿಟ್ಟಳು.

ಅದರಲ್ಲಿ ಎರಡು ವಿಮಾಪತ್ರಗಳಿದ್ದುವು. ಒಂದು ಸಾಲಗಾರನ ಜೀವದ ಮೇಲಿನದು. ಹಣಕೊಟ್ಟು ತನ್ನ ಕೆಲಸವನ್ನು ಮುಗಿಸಿದ್ದುದು ಅದೇ. ಇನ್ನೊಂದು ಮನೆಯ ಮೇಲಿನ ಅಗ್ನಿವಿಮೆ, ಹತ್ತು ವರ್ಷಗಳ ಅವಧಿಯದು. ಅದರ ಕಂತನ್ನು ಒಂದೇ ಬಾರಿಗೆ ಸಾಲದ ಮೊಬಲಗಿಗೆ ಸೇರಿಸಿದ್ದರು, ಅಂದರೆ ವಿಮೆಯ ಕಂತಿನ ಮೇಲೆಯೂ ಬಡ್ಡಿ ತೆತ್ತಂತಾಗಿತ್ತು. ಇರಲಿ. ಅದರ ಅವಧಿ 2019ರ ಆರಂಭದಲ್ಲಿಯೇ ಮುಗಿದುಹೋಗಿತ್ತು. ಆ ವರ್ಷದ ಆಗಸ್ಟಿನಲ್ಲಿಯೇ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದುದು. ನನ್ನ ತಂಗಿಯ ಮನೆಯ ಮೂರನೆಯ ಮೆಟ್ಟಿಲವರೆಗೆ ನೀರು ಬಂದು, ಒಂದು ಹಗಲು ಒಂದು ರಾತ್ರಿ ನಿಂತು, ಹಿಂದಿರುಗಿತು. ಇನ್ನೆರಡು ಮೆಟ್ಟಿಲು ಏರಿದ್ದರೆ ಒಳಕ್ಕೆ ಬರುತ್ತಿತ್ತು. ಆಗ ಪೆಟ್ಟಿಗೆಯಲ್ಲಿದ್ದ ಪತ್ರದಿಂದ ಒಂದು ಕಾಸೂ ಹುಟ್ಟುತ್ತಿರಲಿಲ್ಲ. ಅಂದಿನಿಂದ ಆರು ಮಳೆಗಾಲಗಳನ್ನು ಆ ಮನೆ ಯಾವ ರಕ್ಷಣೆಯೂ ಇಲ್ಲದೆ ಕಳೆದಿತ್ತು. ಅವಧಿ ಮುಗಿಯಿತೆಂದು ಬ್ಯಾಂಕಿನವರು ತಿಳಿಸಿದ್ದರೋ ಇಲ್ಲವೋ, ಪೆಟ್ಟಿಗೆಯಲ್ಲಿ ಅಂಥ ಕಾಗದವಂತೂ ಇರಲಿಲ್ಲ.

ವಾಚಕರು ಗಮನಿಸಬೇಕಾದ ಮೊದಲನೆಯ ವಿಷಯ ಇದೇ. ಸಾಲದ ಜೊತೆಗೆ ಬರುವ ಜೀವದ ವಿಮೆ ಬೇರೆ, ಕಟ್ಟಡದ ವಿಮೆ ಬೇರೆ. ಮೊದಲನೆಯದು ಸಾಲಗಾರನು ತೀರಿಹೋದರೆ ಸಾಲವನ್ನು ತೀರಿಸುತ್ತದೆ. ಗೋಡೆ ಬಿದ್ದರೆ ಅದು ಕೈಯಾಡಿಸುವುದಿಲ್ಲ. ಎರಡಕ್ಕೂ ಜನರ ಬಾಯಲ್ಲಿ 'ಮನೆಯ ಇನ್ಷೂರೆನ್ಸು' ಎಂಬ ಒಂದೇ ಹೆಸರು ಬಂದುಬಿಟ್ಟಿರುವುದರಿಂದ ಈ ಭ್ರಾಂತಿ ಹುಟ್ಟುತ್ತದೆ.

ಹೊಸ ವಿಮೆಯನ್ನು ಮಾಡಿಸಬೇಕೆಂದು ನಿಶ್ಚಯಿಸಿದ ಕೂಡಲೆ, ಎಷ್ಟು ಹಣಕ್ಕೆ ಎಂಬ ಪ್ರಶ್ನೆ ಬಂದಿತು. ಈ ಪ್ರಶ್ನೆಯಲ್ಲಿಯೇ ವಿಷಯದ ಸಾರವೆಲ್ಲ ಅಡಗಿದೆ. ನನ್ನ ತಂಗಿಯ ಮುಂದೆ ಮೂರು ಬೆಲೆಗಳಿದ್ದುವು. ಹಳೆಯ ಪತ್ರದಲ್ಲಿದ್ದುದು 9,00,000 ರೂಪಾಯಿ. ಅದು ಅಂದಿನ ಸಾಲದ ಮೊಬಲಗು. ಬ್ಯಾಂಕಿನವರಿಗೆ ತಮ್ಮ ಹಣ ಹಿಂದಿರುಗಿದರೆ ಸಾಕಾಗಿತ್ತು. ಮನೆ ಮತ್ತೆ ಎದ್ದುನಿಲ್ಲುವುದೂ ಬಿಡುವುದೂ ಅವರ ಚಿಂತೆಯಾಗಿರಲಿಲ್ಲ. ಎರಡನೆಯದು, ಬಡಾವಣೆಯ ದಲ್ಲಾಳಿ ಹೇಳಿದ ಬೆಲೆ, 75,00,000 ರೂಪಾಯಿ. ಅದು ನಿವೇಶನವೂ ಸೇರಿದ ಬೆಲೆ. ನೆಲವನ್ನು ಬೆಂಕಿ ಸುಡುವುದಿಲ್ಲ, ನೀರು ಎತ್ತಿಕೊಂಡುಹೋಗುವುದಿಲ್ಲ, ನೆಲಕ್ಕೆ ವಿಮೆಯಿಲ್ಲ. ಅಷ್ಟು ಹಣಕ್ಕೆ ಮಾಡಿಸಿದರೆ ಇಲ್ಲದುದಕ್ಕೆ ಕಂತು ಕಟ್ಟಿದಂತಾಗುತ್ತದೆ. ನಮಗೆ ಬೇಕಾದದ್ದು ಮೂರನೆಯ ಬೆಲೆ: ಈ ಮನೆ ಇಂದು ನೆಲಸಮವಾದರೆ, ಇದೇ ನಿವೇಶನದಲ್ಲಿ, ಇಷ್ಟೇ ವಿಸ್ತೀರ್ಣದಲ್ಲಿ, ಇದೇ ತರಗತಿಯ ಸಾಮಗ್ರಿಯಿಂದ ಮತ್ತೆ ಕಟ್ಟುವುದಕ್ಕೆ ಎಷ್ಟು ಖರ್ಚಾಗುತ್ತದೆ? ಇದನ್ನು ಯಾವ ಪತ್ರವೂ ಹೇಳುವುದಿಲ್ಲ. ನಾವೇ ವಿಚಾರಿಸಿ ತಿಳಿಯಬೇಕು.

ಅಲ್ಲಿಯೇ ಹತ್ತಿರದಲ್ಲಿ ಮನೆ ಕಟ್ಟಿಸುತ್ತಿದ್ದ ಮೇಸ್ತ್ರಿಯನ್ನು ಕೇಳಿದೆವು. ಆ ತರದ ಕಟ್ಟಡಕ್ಕೆ ಚದರಡಿಗೆ 2,200 ರೂಪಾಯಿ ಎಂದನು. ಇಲ್ಲಿ ಒಂದು ಸೂಕ್ಷ್ಮವಿದೆ, ಗೃಹಸ್ಥರು ಕ್ಷಮಿಸಿ ಸ್ವಲ್ಪ ಲೆಕ್ಕಕ್ಕೆ ಮನಸ್ಸು ಕೊಡಬೇಕು. ಮೇಸ್ತ್ರಿಗಳು ಹೇಳುವ ದರ ಗೋಡೆಗಳ ದಪ್ಪವೂ ಸೇರಿದ ಒಟ್ಟು ವಿಸ್ತೀರ್ಣಕ್ಕೆ. ವಿಮಾ ಕಂಪೆನಿಯವರು ತಮ್ಮ ಅರ್ಜಿಯಲ್ಲಿ ಕೇಳುವುದು ಗೋಡೆಗಳೊಳಗಿನ ನೆಲದ ವಿಸ್ತೀರ್ಣವನ್ನು. ಅದಕ್ಕೆ ಕಾರ್ಪೆಟ್ ಏರಿಯಾ ಎಂದು ಹೆಸರು. ನನ್ನ ತಂಗಿಯ ಮನೆಯ ಒಟ್ಟು ವಿಸ್ತೀರ್ಣ 1,200 ಚದರಡಿ, ಒಳವಿಸ್ತೀರ್ಣ 1,000 ಚದರಡಿ. ಒಳವಿಸ್ತೀರ್ಣವನ್ನು ಮೇಸ್ತ್ರಿಯ ದರದಿಂದ ಗುಣಿಸಿದರೆ 22,00,000 ರೂಪಾಯಿ ಬರುತ್ತದೆ. ಗೋಡೆಗಳಿಗೆ ತಗಲುವ ಹಣವೇ ಬಿಟ್ಟುಹೋಗುತ್ತದೆ. ಸರಿಯಾದ ಖರ್ಚು 1,200 ಚದರಡಿಗೆ 26,40,000. ಅದನ್ನು ಒಳವಿಸ್ತೀರ್ಣಕ್ಕೆ ಹಂಚಿ ಚದರಡಿಗೆ 2,640 ಎಂದು ಬರೆಯಬೇಕು. ಇದರ ಮೇಲೆ ಕಾಂಪೌಂಡು ಗೋಡೆ, ಗೇಟು, ನೆಲದ ತೊಟ್ಟಿ, ಮೇಲಿನ ನೀರಿನ ಟ್ಯಾಂಕು ಇವಕ್ಕೆಲ್ಲ 2,60,000 ರೂಪಾಯಿ ಹಿಡಿದೆವು. ಹೀಗೆ ಮನೆಯ ವಿಮೆಯ ಮೊತ್ತ 29,00,000 ಎಂದು ಗೊತ್ತಾಯಿತು: ಹಳೆಯ ಪತ್ರದ ಮೂರರಷ್ಟಕ್ಕಿಂತಲೂ ಹೆಚ್ಚು, ದಲ್ಲಾಳಿಯ ಬೆಲೆಯ ಅರ್ಧಕ್ಕಿಂತಲೂ ಕಡಮೆ.

ಮೊತ್ತವನ್ನು ಕಡಮೆಮಾಡಿ ಬರೆಯಿಸಿದರೆ ಏನಾಗುತ್ತದೆಂಬುದನ್ನು ಹೇಳಬೇಕು. ಹಳೆಯ ಅಗ್ನಿವಿಮೆಯ ಪತ್ರಗಳಲ್ಲಿ ಒಂದು ಷರತ್ತು ಇರುತ್ತಿತ್ತು. ಮನೆಯ ನಿಜವಾದ ಬೆಲೆಗೆ ವಿಮೆಯ ಮೊತ್ತ ಎಷ್ಟು ಪಾಲೋ, ನಷ್ಟದಲ್ಲಿಯೂ ಅಷ್ಟೇ ಪಾಲನ್ನು ಕಂಪೆನಿ ಕೊಡುತ್ತಿತ್ತು. 29 ಲಕ್ಷದ ಮನೆಗೆ 9 ಲಕ್ಷದ ವಿಮೆಯಿದ್ದು, 3 ಲಕ್ಷ ರೂಪಾಯಿಗಳ ನಷ್ಟವಾದರೆ, ಕೈಗೆ ಬರುವುದು ಸುಮಾರು 93,000 ಮಾತ್ರ. ನಷ್ಟವು ವಿಮೆಯ ಮೊತ್ತದೊಳಗೇ ಇದೆಯಲ್ಲ ಎಂದು ವಾದಿಸಿ ಪ್ರಯೋಜನವಿರಲಿಲ್ಲ. 2021ರ ಏಪ್ರಿಲ್ 1ರಿಂದ ಈ ಸ್ಥಿತಿ ಬದಲಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರದವರು ವಾಸದ ಮನೆಗಳಿಗಾಗಿ 'ಭಾರತ ಗೃಹ ರಕ್ಷಾ' ಎಂಬ ಒಂದು ಮಾದರಿ ವಿಮಾಪತ್ರವನ್ನು ರಚಿಸಿ, ಅಗ್ನಿವಿಮೆಯ ವ್ಯಾಪಾರಮಾಡುವ ಸಾಮಾನ್ಯ ವಿಮಾ ಕಂಪೆನಿಗಳೆಲ್ಲ ಅದನ್ನು ಮಾರಬೇಕೆಂದು ವಿಧಿಸಿದರು. ಇದರಲ್ಲಿ ಆ ಪಾಲಿನ ಕಡಿತವಿಲ್ಲ. 3 ಲಕ್ಷದ ನಷ್ಟಕ್ಕೆ 3 ಲಕ್ಷವೂ ಸಲ್ಲುತ್ತದೆ. ಹಾಗೆಂದು ಮೊತ್ತವನ್ನು ಇಳಿಸಿ ಬರೆಯಿಸಬಹುದೆಂದು ಯಾರೂ ಭಾವಿಸಬಾರದು. ಮನೆಯೆಲ್ಲ ಹೋದರೆ ಪತ್ರದಲ್ಲಿ ಬರೆದ ಮೊತ್ತವೇ ಮೇರೆ. ಅದರಾಚೆಗೆ ಒಂದು ರೂಪಾಯಿಯೂ ಬಾರದು. ಎರಡು ಮೂರು ನೂರು ರೂಪಾಯಿ ಕಂತು ಉಳಿಸುವುದಕ್ಕಾಗಿ ಮನೆಯ ಒಂದು ಪಾರ್ಶ್ವವನ್ನೇ ಬಿಟ್ಟುಕೊಡುವುದು ಯಾವ ಲೆಕ್ಕ?

ಈ ಮಾದರಿ ಪತ್ರವನ್ನು ನಾನು ಮೊದಲಿನಿಂದ ಕೊನೆಯವರೆಗೆ ಎರಡು ಬಾರಿ ಓದಿದೆನು. ಕಂಪೆನಿಗಳವರ ಬರಹದಲ್ಲಿ ಇಷ್ಟು ಸುಗಮವಾದುದನ್ನು ನಾನು ಕಂಡಿರಲಿಲ್ಲ. ವ್ಯಾಕರಣದ ಪಾಠ ಹೇಳಿದವನಿಗೆ ಅದೂ ಒಂದು ಸಂತೋಷವೇ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಕಾಡುಗಿಚ್ಚು, ಹೊರಗಿನಿಂದ ವಾಹನವೋ ಮರವೋ ಬಂದು ಬೀಳುವುದು, ದೊಂಬಿ, ನೀರಿನ ಟ್ಯಾಂಕು ಕೊಳಾಯಿಗಳು ಒಡೆದು ಹರಿಯುವುದು, ಇವೆಲ್ಲದರಿಂದ ಆಗುವ ನಷ್ಟ ಇದಕ್ಕೆ ಒಳಪಟ್ಟಿದೆ. ಭಯೋತ್ಪಾದಕರ ಕೃತ್ಯವೂ ಸೇರಿದೆ. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದುದನ್ನು ಕಂಡವರು ಭೂಕುಸಿತವೆಂಬ ಮಾತನ್ನು ಹಗುರವಾಗಿ ಓದಲಾರರು. ಮನೆ ವಾಸಕ್ಕೆ ಯೋಗ್ಯವಲ್ಲದೆ ಹೋದರೆ ಬೇರೆ ಕಡೆ ಬಾಡಿಗೆಗಿರುವ ಖರ್ಚು, ಬಿದ್ದ ಮಣ್ಣು ಕಲ್ಲುಗಳನ್ನು ಸಾಗಿಸುವ ಖರ್ಚು, ಎಂಜಿನಿಯರರ ಶುಲ್ಕ ಇವಕ್ಕೂ ಮಿತಿಯೊಳಗೆ ಅವಕಾಶವುಂಟು.

ಒಳಪಡದಿರುವ ವಿಷಯಗಳನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕು. ವರ್ಷಗಳು ಕಳೆದಂತೆ ಗಾರೆ ಉದುರುವುದು, ತಾರಸಿ ಸೋರುವುದು, ಗೆದ್ದಲು ಹತ್ತುವುದು ಮುಂತಾದ ಸವಕಳಿಗೆ ಯಾವ ವಿಮೆಯೂ ಇಲ್ಲ. ಯುದ್ಧಕ್ಕಿಲ್ಲ. ತಾನೇ ಬೇಕೆಂದು ಮಾಡಿದ ನಷ್ಟಕ್ಕಿಲ್ಲವೆಂಬುದನ್ನು ಹೇಳಬೇಕಾದುದೇ ಇಲ್ಲ. ವಿದ್ಯುತ್ತಿನ ವಿಷಯದಲ್ಲಿ ಒಂದು ಸಣ್ಣ ಭೇದವಿದೆ. ವಿದ್ಯುತ್ತಿನ ಏರಿಳಿತದಿಂದಲೋ ತಂತಿಗಳು ಕೂಡಿಕೊಂಡೋ ತಂಗಳುಪೆಟ್ಟಿಗೆ ಸುಟ್ಟರೆ ಆ ಪೆಟ್ಟಿಗೆಗೆ ಪರಿಹಾರವಿಲ್ಲ. ಅದರಿಂದ ಹತ್ತಿದ ಬೆಂಕಿ ಅಡಿಗೆಯ ಮನೆಯನ್ನು ಸುಟ್ಟರೆ ಅಡಿಗೆಯ ಮನೆಗೆ ಪರಿಹಾರವುಂಟು. ನಮ್ಮಲ್ಲಿ 'ಫ್ರಿಜ್ಜು ಹೋದದ್ದಕ್ಕೆ ಕೊಡಲಿಲ್ಲ, ವಿಮೆಯೆಲ್ಲ ಮೋಸ' ಎನ್ನುವವರು ಬಹುಮಂದಿ ಈ ವಾಕ್ಯವನ್ನು ಓದಿರುವುದಿಲ್ಲ.

ಮನೆಯೊಳಗಿನ ಸಾಮಾನುಗಳ ವಿಷಯದಲ್ಲಿ ಈ ಪತ್ರದಲ್ಲಿ ಒಂದು ಅನುಕೂಲವಿದೆ. ಕಟ್ಟಡಕ್ಕೆ ವಿಮೆಮಾಡಿಸಿದರೆ, ಅದರ ಮೊತ್ತದಲ್ಲಿ ನೂರಕ್ಕೆ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿಗಳವರೆಗೆ, ಮಂಚ, ಬೀರು, ಪಾತ್ರೆ, ಯಂತ್ರಗಳು ಮುಂತಾದ ಸಾಮಾನ್ಯ ವಸ್ತುಗಳು ತಾವಾಗಿಯೇ ಒಳಪಡುತ್ತವೆ, ಪಟ್ಟಿ ಕೊಡಬೇಕಾಗಿಲ್ಲ. ನನ್ನ ತಂಗಿಗೆ ಹೀಗೆ 5,80,000 ರೂಪಾಯಿಗಳಷ್ಟು ದೊರೆಯಿತು. ಅದು ಅವಳ ಸಂಸಾರಕ್ಕೆ ಸಾಕು. ಆದರೂ ಪ್ರತಿಯೊಂದು ಕೋಣೆಯ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳೆಂದು ಹೇಳಿದೆನು, ಅವಳೂ ಹಾಗೆಯೇ ಮಾಡಿದಳು. ಆಪತ್ತು ಕಳೆದಮೇಲೆ ಏನೇನಿತ್ತೆಂದು ನೆನಸಿಕೊಳ್ಳುವುದು ಬಹು ಕಷ್ಟ. ಬಾಡಿಗೆಯ ಮನೆಯಲ್ಲಿರುವವರು ಕಟ್ಟಡವನ್ನು ಮನೆಯೊಡೆಯನಿಗೆ ಬಿಟ್ಟು, ಸಾಮಾನುಗಳಿಗೆ ಮಾತ್ರ ವಿಮೆಮಾಡಿಸಬಹುದೆಂಬುದು ಬಹಳ ಮಂದಿಗೆ ತಿಳಿದಿಲ್ಲ.

ಇನ್ನು ಖರ್ಚು. ಪತ್ರದ ಒಕ್ಕಣೆ ಎಲ್ಲ ಕಂಪೆನಿಗಳಲ್ಲಿಯೂ ಒಂದೇ ಆಗಿರುವುದರಿಂದ ಬೆಲೆಯನ್ನು ಹೋಲಿಸುವುದು ಈಗ ಸುಲಭ; ಅಕ್ಕಿಯನ್ನು ಅಕ್ಕಿಯೊಡನೆ ತೂಗಿದಂತೆ. ನನ್ನ ಸೋದರಳಿಯನು ಬೆಂಗಳೂರಿನಲ್ಲಿ ಕುಳಿತೇ ಮೂರು ಕಂಪೆನಿಗಳನ್ನು ವಿಚಾರಿಸಿದನು. ಅದೇ ಮನೆ, ಅದೇ ಮೊತ್ತ, ಅದೇ ಒಕ್ಕಣೆ. ಆದರೂ ಕಡಮೆಯದಕ್ಕೂ ಹೆಚ್ಚಿನದಕ್ಕೂ ಐನೂರು ರೂಪಾಯಿಗಳಿಗೆ ಮೀರಿದ ವ್ಯತ್ಯಾಸ. ಕೊನೆಗೆ ಗೊತ್ತಾದ ವರ್ಷದ ಕಂತು ತೆರಿಗೆಯೂ ಸೇರಿ ಎರಡು ಸಾವಿರ ರೂಪಾಯಿಗಳೊಳಗೆ ಬಂದಿತು. 'ಮಾವ, ನನ್ನ ಬೈಕಿಗೆ ಇದಕ್ಕಿಂತ ಹೆಚ್ಚು ಕಟ್ಟುತ್ತೇನೆ' ಎಂದು ಅವನು ಆಶ್ಚರ್ಯಪಟ್ಟನು. ತೆರಿಗೆಯ ವಿಷಯವಾಗಿ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳ ಜೀವವಿಮೆಗೂ ಆರೋಗ್ಯವಿಮೆಗೂ ಸರಕು ಸೇವಾ ತೆರಿಗೆಯನ್ನು ತೆಗೆದುಹಾಕಿದ್ದಾರೆ. ಮನೆಯ ವಿಮೆಗೆ ಆ ಭಾಗ್ಯ ಬರಲಿಲ್ಲ. ನೂರಕ್ಕೆ 18 ಕೊಡಲೇಬೇಕು. ಕಾರಣವು ನನಗೆ ಹೊಳೆಯಲಿಲ್ಲ.

ಹತ್ತು ವರ್ಷಗಳವರೆಗೆ ಒಟ್ಟಿಗೆ ಮಾಡಿಸುವ ಅವಕಾಶವೂ ಇದೆ. ಕಂತಿನಲ್ಲಿ ರಿಯಾಯಿತಿ ಕೊಡುತ್ತಾರೆ, ಮೊತ್ತವೂ ವರ್ಷಕ್ಕೆ ನೂರಕ್ಕೆ 10ರಂತೆ ತಾನಾಗಿಯೇ ಏರುತ್ತದೆ. ನೆನಪಿಟ್ಟು ಪ್ರತಿವರ್ಷ ನವೀಕರಿಸುವವರಿಲ್ಲದ ಮನೆಗಳಿಗೆ ಇದು ಒಳ್ಳೆಯದು. ಆದರೆ ಹತ್ತು ವರ್ಷಗಳ ಪತ್ರವು ಹೇಗೆ ಮರೆತುಹೋಗುತ್ತದೆಂಬುದನ್ನು ಈಗತಾನೆ ಕಂಡಿದ್ದ ನನಗೆ ಅದು ಹಿಡಿಸಲಿಲ್ಲ. ವರ್ಷಕ್ಕೊಮ್ಮೆ, ಯುಗಾದಿಯ ಮಾರನೆಯ ದಿನ ತಾಯಿಯೂ ಮಗನೂ ಫೋನಿನಲ್ಲಿ ಮಾತನಾಡಿ ಮೇಸ್ತ್ರಿಯ ದರವನ್ನು ಕೇಳಿ ಮೊತ್ತವನ್ನು ತಿದ್ದಿಸುವುದೆಂದು ಏರ್ಪಾಡಾಯಿತು. ಈ ವರ್ಷ ದರ 2,350ಕ್ಕೆ ಏರಿದೆಯೆಂದು ಅವಳು ತಾನೇ ವಿಚಾರಿಸಿ ನನಗೆ ತಿಳಿಸಿದಳು.

ಹಣ ಕಟ್ಟುವುದಕ್ಕೆ ಮುಂಚೆ ಎರಡು ಸಣ್ಣ ಕೆಲಸಗಳನ್ನು ಮಾಡಬೇಕಾಯಿತು. ಮನೆಯ ಖಾತೆ ಇನ್ನೂ ತೀರಿಹೋದವರ ಹೆಸರಿನಲ್ಲಿಯೇ ಇದ್ದಿತು; ಅದನ್ನು ನನ್ನ ತಂಗಿಯ ಹೆಸರಿಗೆ ಮಾಡಿಸಿ, ಅನಂತರ ವಿಮೆಯನ್ನು ಅವಳ ಹೆಸರಿನಲ್ಲಿಯೇ ತೆಗೆದೆವು. ಸಾಲವಿರುವಾಗ ವಿಮಾಪತ್ರದಲ್ಲಿ ಬ್ಯಾಂಕಿನ ಹೆಸರೂ ಸೇರಿರುತ್ತದೆ, ಪರಿಹಾರದ ಹಣ ಮೊದಲು ಅವರಿಗೆ ಹೋಗುತ್ತದೆ. ಸಾಲ ತೀರಿದಮೇಲೆ ವಿಮೆ ಇನ್ನೂ ಚಾಲ್ತಿಯಲ್ಲಿದ್ದರೆ ಆ ಹೆಸರನ್ನು ತೆಗೆಯಿಸಬೇಕು. ಹೊಸದಾಗಿ ಸಾಲ ತೆಗೆಯುವವರಿಗೆ ಇನ್ನೊಂದು ವಿಷಯ: ತಾವು ತೋರಿಸಿದ ಕಂಪೆನಿಯಲ್ಲಿಯೇ ವಿಮೆಯನ್ನು ಕೊಳ್ಳಬೇಕೆಂದು ಬ್ಯಾಂಕಿನವರು ಬಲವಂತಮಾಡುವಂತಿಲ್ಲ. ಕಂತಿನ ಹಣ ಸಲ್ಲುವವರೆಗೆ ಕಂಪೆನಿಯ ಹೊಣೆ ಆರಂಭವಾಗುವುದಿಲ್ಲವೆಂದು 1938ರ ವಿಮಾ ಕಾಯಿದೆಯಲ್ಲಿಯೇ ಇದೆ. ಆದುದರಿಂದ ಹೊಳೆಯ ನೀರು ಕೆಂಪಾಗುವುದಕ್ಕೆ ಮುಂಚೆ ಹಣ ಕಟ್ಟಿರಬೇಕು.

ಪರಿಹಾರದಲ್ಲಿ ತಕರಾರು ಬಂದರೆ ಮೊದಲು ಕಂಪೆನಿಗೇ ಬರಹದಲ್ಲಿ ದೂರುಕೊಡುವುದು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಎಂಬ ಅಧಿಕಾರಿಯಿದ್ದಾರೆ. ಅವರಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. 50 ಲಕ್ಷ ರೂಪಾಯಿಗಳವರೆಗಿನ ವ್ಯಾಜ್ಯಗಳನ್ನು ಅವರು ತೀರ್ಮಾನಿಸಬಹುದು.

ಎಲ್ಲವೂ ಮುಗಿಯಿತೆಂದುಕೊಂಡಾಗ ಒಡವೆಗಳ ಪ್ರಶ್ನೆಯೊಂದು ಉಳಿಯಿತು. ಚಿನ್ನ, ಬೆಳ್ಳಿ, ಚಿತ್ರಪಟಗಳಂತಹ ಬೆಲೆಬಾಳುವ ವಸ್ತುಗಳು ಸಾಮಾನ್ಯ ಸಾಮಾನುಗಳಲ್ಲಿ ಸೇರುವುದಿಲ್ಲ. ಅವಕ್ಕೆ ಬೇರೆ ಪಟ್ಟಿ, ಒಪ್ಪಿದ ಬೆಲೆ, ಬೇರೆ ಕಂತು. ಕಳ್ಳತನವೂ ಈ ಪತ್ರದಲ್ಲಿ ಪೂರ್ತಿಯಾಗಿ ಒಳಪಟ್ಟಿಲ್ಲ. ಬೆಂಕಿಯೋ ಪ್ರವಾಹವೋ ಆಗಿ, ಅದರ ನಿಮಿತ್ತವಾಗಿ ಏಳು ದಿನಗಳೊಳಗೆ ನಡೆದ ಕಳವಿಗೆ ಮಾತ್ರ ಪರಿಹಾರ. ಬೀಗ ಒಡೆದು ಕದ್ದೊಯ್ದದ್ದಕ್ಕೆ ಕನ್ನಗಳವಿನ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸಬೇಕು. ಇದನ್ನೆಲ್ಲ ವಿವರಿಸಿ, ಒಡವೆಗಳ ಪಟ್ಟಿಯನ್ನು ಮಾಡೋಣವೆಂದು ನಾನು ಕಾಗದ ಲೇಖನಿಗಳನ್ನು ಹಿಡಿದು ಕುಳಿತೆನು.

ತಂಗಿ ಬಹಳ ಹೊತ್ತು ಸುಮ್ಮನಿದ್ದಳು. ಅನಂತರ, 'ಅಣ್ಣ, ಅಮ್ಮ ಕೊಟ್ಟ ಅವಲಕ್ಕಿ ಸರಕ್ಕೆ ಎಷ್ಟು ಬರೆಯುತ್ತೀ?' ಎಂದಳು. ತೂಕವನ್ನು ಕೇಳಿ ಅಂದಿನ ಚಿನ್ನದ ದರದಿಂದ ಗುಣಿಸಿ ಹೇಳಿದೆನು. 'ಅಷ್ಟೇ ಏನು?' ಎಂದಳು. ಅಷ್ಟೇ ಎಂದೆನು. ಅವಳು ಆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿ, 'ಮನೆಗಾದದ್ದು ಸಾಕು. ಇದನ್ನು ಬ್ಯಾಂಕಿನ ಲಾಕರಿನಲ್ಲಿಯೇ ಇಡುತ್ತೇನೆ' ಎಂದು ಕಾಫಿ ತರಲು ಒಳಕ್ಕೆ ಹೋದಳು. ಲಾಕರಿನಲ್ಲಿಟ್ಟ ಒಡವೆಗೆ ಬ್ಯಾಂಕಿನವರ ಹೊಣೆ ಎಷ್ಟೆಂಬುದು ಇನ್ನೊಂದು ಕಥೆ. ಅದನ್ನು ಆ ದಿನ ನಾನು ಎತ್ತಲಿಲ್ಲ.